ಬಯಲುಸೀಮೆಯ ಮನೆಯಲ್ಲಿ ಟ್ರಿಗರ್ ಮೀನು

ತುಮಕೂರಿನ ಬಿ.ಎಚ್. ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ ದಾಟಿ ಕೊನೆಗೆ ಸಿಗುವುದು ಹೊನ್ನಾವರದ ಕಡಲು. ಕುಣಿಗಲ್ ಮೇಲೆ ಹಾದುಹೋಗುವ ಹೆದ್ದಾರಿಯೂ ಹಾಸನ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಈ ದಾರಿಗಳಲ್ಲೇ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಬಂಗುಡೆ, ಬೂತಾಯಿ ನಮ್ಮ ಊರುಗಳ ಮಾರುಕಟ್ಟೆಗೆ ಬರುತ್ತವೆ. ಸತ್ತ ಕಡಲ ಮೀನು ನಮಗೆ ಹೊಸದಲ್ಲ. ಅದನ್ನು ಜೀವಂತವಾಗಿ, ನೂರಾರು ಲೀಟರ್ ಉಪ್ಪುನೀರಿನ ಸಮೇತ ನಡುಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆಯೇ ಕೆಲಸ. ಗೋಲ್ಡ್‌ಫಿಶ್, ಗಪ್ಪಿಗಳಲ್ಲಿ ಕೈ ಪಳಗಿಸಿಕೊಂಡು ಉಪ್ಪುನೀರಿನ ಕಡೆ ಹೊರಳಿದವರ ಕಣ್ಣಿಗೆ ಬೇಗ ಬೀಳುವ ಮೀನುಗಳಲ್ಲಿ ಟ್ರಿಗರ್ ಒಂದು. ಹಿಂದೆಯೇ ಪ್ರಶ್ನೆಯೂ ಬರುತ್ತದೆ: ಹವಳ ಇರುವ ತೊಟ್ಟಿಯಲ್ಲಿ ಇದನ್ನು ಬಿಡಬಹುದೆ? ಈ ಪ್ರಶ್ನೆಯನ್ನು ನಮ್ಮ ನೀರು, ನಮ್ಮ ಕರೆಂಟು, ನಮ್ಮ ಕಾನೂನುಗಳ ಜೊತೆ ಇಟ್ಟು ನೋಡಬೇಕು ಎಂಬುದು ಈ ಲೇಖನದ ಉದ್ದೇಶ.

ಮೊದಲು ಮೀನಿನ ವಿಷಯ. ಬ್ಯಾಲಿಸ್ಟಿಡೇ ಕುಟುಂಬದ ಸುಮಾರು 40 ಪ್ರಭೇದಗಳನ್ನು ಒಟ್ಟಾಗಿ ಟ್ರಿಗರ್ ಮೀನು ಎನ್ನುತ್ತಾರೆ. ಬೆನ್ನ ಮೇಲಿನ ಮುಳ್ಳಿನ ಕಟ್ಟು ಇವುಗಳ ಗುರುತು. ಮುಂದಿನ ದೊಡ್ಡ ಮುಳ್ಳು ನೆಟ್ಟಗೆ ಎದ್ದರೆ ಹಿಂದಿನ ಚಿಕ್ಕ ಮುಳ್ಳು ಬಾಗಿಲ ಚಿಲಕದಂತೆ ಅದನ್ನು ಬಿಗಿಯುತ್ತದೆ. ಚಿಕ್ಕದನ್ನು ಒತ್ತದೆ ದೊಡ್ಡದು ಮಡಚುವುದಿಲ್ಲ. ಬಂಡೆಯ ಸಂದಿಗೆ ನುಗ್ಗಿ ಮುಳ್ಳು ಎತ್ತಿಬಿಟ್ಟರೆ ಅದನ್ನು ಹೊರಗೆಳೆಯಲು ಯಾವ ಬೇಟೆಗಾರ ಮೀನಿಗೂ ಆಗುವುದಿಲ್ಲ. ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ತಿರುಗುತ್ತವೆ. ಈಜುವುದು ಬಾಲ ಬೀಸಿ ಅಲ್ಲ, ಬೆನ್ನಿನ ಮತ್ತು ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಅಲೆಯಾಡಿಸಿ. ಹಾಗಾಗಿ ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಸರಿಯುತ್ತದೆ. ಕಡಲಲ್ಲಿ ಮುಳ್ಳುಚೆಂಡಿನಂಥ ಸಮುದ್ರ ಅರ್ಚಿನ್ ಸಿಕ್ಕರೆ ಬಾಯಿಂದ ನೀರು ಊದಿ ಅದನ್ನು ಮಗುಚಿ, ಮುಳ್ಳು ಕಡಿಮೆಯಿರುವ ತಳಭಾಗವನ್ನು ತಿನ್ನುತ್ತದೆ. ಇಷ್ಟು ಬುದ್ಧಿ ಓಡಿಸುವ ಮೀನು ತೊಟ್ಟಿಯಲ್ಲೂ ಸುಮ್ಮನಿರದು.

ಚೆನ್ನಾಗಿ ನೆಲೆಗೊಂಡ ತೊಟ್ಟಿಯಲ್ಲಿ ನೈಜರ್ ಎಂಬ ಜಾತಿಯ ಟ್ರಿಗರನ್ನು ಸಂಜೆ ಹೊತ್ತು ನೋಡಬೇಕು. ಹಗಲೆಲ್ಲ ನಡುನೀರಿನಲ್ಲಿ ತೇಲಾಡಿದ ಈ ನೇರಳೆಗಪ್ಪು ಮೀನು ದೀಪ ಮಂಕಾಗುತ್ತಿದ್ದಂತೆ ತನ್ನದೇ ಆದ ಬಿಲಕ್ಕೆ ಹೋಗುತ್ತದೆ. ಪ್ರತಿದಿನ ಅದೇ ಬಿಲ. ಪಕ್ಕಕ್ಕೆ ವಾಲಿ ಒಳಗೆ ತೂರಿಕೊಂಡ ಮೇಲೆ ಹೊರಗೆ ಕಾಣುವುದು ಬಾಲದ ಎರಡು ಉದ್ದ ತುದಿಗಳು ಮಾತ್ರ. ಬೇರೆ ಮೀನು ಹತ್ತಿರ ಸುಳಿದರೆ ಒಳಗಿನಿಂದ ಗೊರಗೊರ ಸದ್ದು, ಗಾಜಿನ ಹೊರಗೂ ಕೇಳುವಷ್ಟು. ಊಟ ಹಾಕುವವರ ಮುಖವನ್ನು ಅದು ಬೇಗ ಗುರುತು ಹಿಡಿಯುತ್ತದೆ. ಅವರು ಕೋಣೆಗೆ ಬಂದರೆ ಮೇಲಕ್ಕೆ ಬಂದು ನೀರು ಚಿಮ್ಮಿಸುತ್ತದೆ. ಈ ಗುಣ ಕಂಡವರಿಗೆ ಮೀನಿನ ಮೇಲೆ ಮೋಹ ಹುಟ್ಟುವುದು ಸಹಜ.

ಇದೇ ನೈಜರ್, ಅಂದರೆ ಓಡೊನಸ್ ನೈಜರ್, ನಮ್ಮ ಕರಾವಳಿಗೆ ಅಪರಿಚಿತವಲ್ಲ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಮೀನುಗಾರರು ಇದನ್ನು ಕಾರ್ಗಿಲ್ ಮೀನು ಎನ್ನುತ್ತಾರೆ. ಟ್ರಾಲ್ ಬಲೆಗೆ ಹಿಂಡುಹಿಂಡಾಗಿ ಬೀಳುತ್ತದೆ. ಚರ್ಮ ದಪ್ಪ, ಊಟಕ್ಕೆ ಬೇಡಿಕೆ ಕಡಿಮೆ. ರಾಶಿ ರಾಶಿಯಾಗಿ ಮೀನುಹಿಟ್ಟು, ಮೀನೆಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಬಲೆ ಹರಿಯುತ್ತದೆ, ಬೆಲೆಯ ಮೀನುಗಳು ಇದರ ಕಾಟಕ್ಕೆ ದೂರ ಸರಿಯುತ್ತವೆ ಎಂದು ಮೀನುಗಾರರು ಬೈದುಕೊಳ್ಳುವುದೂ ಉಂಟು. ಹೀಗೆ ಒಂದೇ ಮೀನು ಬಂದರಿನಲ್ಲಿ ಕಿಲೋಗೆ ಕೆಲವೇ ರೂಪಾಯಿಯ ಸರಕು, ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಒಂದಕ್ಕೇ ಸಾವಿರ ಮಾತಾಡುವ ಸರಕು. ಹಾಗಾದರೆ ದೋಣಿಯಿಂದಲೇ ಒಂದನ್ನು ತಂದು ಸಾಕಬಾರದೇಕೆ ಎಂದು ಕೇಳುವವರಿದ್ದಾರೆ. ಟ್ರಾಲ್ ಬಲೆಯಲ್ಲಿ ಆಳದಿಂದ ಎಳೆದು ತಂದ ಮೀನು ಒತ್ತಡದ ಬದಲಾವಣೆಯಲ್ಲಿ, ಸಾವಿರಾರು ಮೀನುಗಳ ಭಾರದಡಿ ಜಜ್ಜಿಹೋಗಿರುತ್ತದೆ, ಬದುಕಿ ಉಳಿಯುವುದಿಲ್ಲ. ಅಂಗಡಿಗೆ ಬರುವುದು ಹವಳದ ದಿಬ್ಬಗಳಲ್ಲಿ ಮುಳುಗುಗಾರರು ಒಂದೊಂದಾಗಿ ಹಿಡಿದದ್ದು. ಕಾರ್ಗಿಲ್ ಮೀನಿಗೆ ಬರವಿಲ್ಲ ಎಂಬ ಸಮಾಧಾನವನ್ನು ಅಂಗಡಿಯಲ್ಲಿ ಸಿಗುವ ಕ್ಲೌನ್ ಟ್ರಿಗರಿನಂಥ ಬೇರೆ ಜಾತಿಗಳಿಗೂ ಹಚ್ಚಿಕೊಳ್ಳುವುದು ಸರಿಯಲ್ಲ. ಎರಡು ವ್ಯಾಪಾರಗಳೂ ಬೇರೆ, ಎರಡರ ನಷ್ಟವೂ ಬೇರೆ.

ಈಗ ಹವಳದ ಜಗಳ. ಟ್ರಿಗರ್ ಹವಳ ತಿನ್ನುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಹೆಚ್ಚಿನ ಟ್ರಿಗರುಗಳಿಗೆ ಹವಳ ಮುಖ್ಯ ಆಹಾರವಲ್ಲ. ಅವು ಮುಗಿಸಿಹಾಕುವುದು ಹವಳದ ತೊಟ್ಟಿಯನ್ನು ಚೊಕ್ಕಟವಾಗಿಡುವ ಬಳಗವನ್ನು: ಬಸವನಹುಳು, ಸನ್ಯಾಸಿ ಏಡಿ, ಕ್ಲೀನರ್ ಸಿಗಡಿ, ಅರ್ಚಿನ್. ಪಾಚಿ ಮೇಯುವವರು ಹೋದ ಮೇಲೆ ಪಾಚಿ ಏರುತ್ತದೆ. ಜೊತೆಗೆ ಟ್ರಿಗರ್ ಹೊಟ್ಟೆಬಾಕ. ತಿಂದಷ್ಟೂ ನೀರಿಗೆ ನೈಟ್ರೇಟ್, ಫಾಸ್ಫೇಟ್ ಸೇರುತ್ತವೆ, ಇವೆರಡೂ ಕಲ್ಲುಹವಳಕ್ಕೆ ಒಗ್ಗವು. ಇನ್ನು ಪಿಕಾಸೊ, ಕ್ಲೌನ್ ಮೊದಲಾದ ಜಾತಿಯ ಟ್ರಿಗರುಗಳಿಗೆ ಕಲ್ಲು ಎತ್ತಿ ಎಸೆಯುವ, ಮರಳು ಊದಿ ಗುಂಡಿ ತೋಡುವ ಚಟ. ಅಂಟಿಸಿ ಕೂರಿಸಿದ ಹವಳದ ತುಂಡು ಬೆಳಗಾಗುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಮಗುಚಿ ಬಿದ್ದಿರುತ್ತದೆ.

ಎಲ್ಲ ಟ್ರಿಗರುಗಳೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಡುನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ಬದುಕುವ ಜಾತಿಗಳು ಸಾಧು. ಕ್ಸಾಂತಿಕ್ತಿಸ್ ಕುಲದ ಬ್ಲೂಥ್ರೋಟ್ ಮತ್ತು ಕ್ರಾಸ್‌ಹ್ಯಾಚ್, ಆಮೇಲೆ ನೈಜರ್ ಈ ಗುಂಪಿನವು. ಬ್ಲೂಥ್ರೋಟ್ ಹೆಚ್ಚೆಂದರೆ 30 ಸೆಂಟಿಮೀಟರ್, ತೊಟ್ಟಿಯಲ್ಲಿ ಅಷ್ಟೂ ಬೆಳೆಯದು. ಹವಳದ ಜೊತೆ ಇಡಲೇಬೇಕೆಂದರೆ ನನ್ನ ಮತ ಇದಕ್ಕೆ. ನೈಜರ್ ಕಡಲಲ್ಲಿ 50 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, ದೊಡ್ಡದಾದಂತೆ ಸಣ್ಣ ಸಿಗಡಿಗಳನ್ನು ಬಿಡುವುದಿಲ್ಲ. ಪಿಂಕ್‌ಟೇಲ್ ನಡುವಿನದು. ಪಿಕಾಸೊ, ಕ್ಲೌನ್, ಕ್ವೀನ್ ಮೂರೂ ತಳದಲ್ಲಿ ಹುಡುಕಿ, ಒಡೆದು ತಿನ್ನುವವು. ಹವಳದ ತೊಟ್ಟಿಗೆ ಸಲ್ಲವು. ಕಿತ್ತಳೆ ಗೆರೆಯ ಅಂಡ್ಯುಲೇಟೆಡ್ ಟ್ರಿಗರಂತೂ ಜೊತೆಯ ಮೀನುಗಳನ್ನೇ ಕೊಲ್ಲುತ್ತದೆ. ಅದು ಒಂಟಿ ತೊಟ್ಟಿಯ ಮೀನು. ಟೈಟನ್ ಟ್ರಿಗರ್ 75 ಸೆಂಟಿಮೀಟರ್ ಬೆಳೆಯುತ್ತದೆ, ಮೊಟ್ಟೆ ಕಾಯುವಾಗ ಗೂಡಿನ ಮೇಲೆ ಹಾಯುವ ಮುಳುಗುಗಾರರನ್ನೇ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಅದರ ಮರಿಯನ್ನು ಅಂಗಡಿಯಲ್ಲಿ ಯಾರಾದರೂ ತೋರಿಸಿದರೆ ಬೇಡ ಎಂದು ಹೊರಡಿ.

ಇಲ್ಲಿಯವರೆಗಿನ ಮಾತು ಜಗತ್ತಿನ ಯಾವ ಊರಿಗೂ ಅನ್ವಯಿಸುತ್ತದೆ. ಭಾರತದಲ್ಲಿ ಹವಳ ಸಾಕುವವನ ಮುಂದೆ ಇನ್ನೂ ದೊಡ್ಡ ಸಂಗತಿಯೊಂದಿದೆ, ಅಂಗಡಿಯಲ್ಲಿ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. 2001ರ ಜುಲೈನಲ್ಲಿ ಕೇಂದ್ರ ಸರಕಾರ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳು, ಕಡಲ ಕುದುರೆಗಳು ಇವನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. 2022ರ ತಿದ್ದುಪಡಿಯ ನಂತರವೂ ಹವಳಗಳಿಗೆ ರಕ್ಷಣೆ ಮುಂದುವರಿದಿದೆ. ಮೊದಲ ಅನುಸೂಚಿಯ ಜೀವಿಯ ಬೇಟೆ, ವ್ಯಾಪಾರ, ಅಕ್ರಮ ಸಂಗ್ರಹಕ್ಕೆ 3ರಿಂದ 7 ವರ್ಷಗಳ ಸೆರೆವಾಸ. ಹುಲಿಗೆ ಇರುವ ಕಾನೂನಿನ ಕವಚವೇ ಮನ್ನಾರ್ ಕೊಲ್ಲಿಯ ಹವಳದ ತುಂಡಿಗೂ ಇದೆ. ಲೈವ್ ರಾಕ್ ಎಂದು ಮಾರುವ ಕಲ್ಲು ಕಡಲಿನಿಂದ ಒಡೆದು ತಂದ ಹವಳದ ಕಲ್ಲಾಗಿದ್ದರೆ ಅದಕ್ಕೂ ಇದೇ ಅನ್ವಯ. ಹೊರದೇಶದ ಕಲ್ಲುಹವಳ ಎಂದರೂ ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ತರುವಂತಿಲ್ಲ. ಟ್ರಿಗರ್ ಮೀನುಗಳ ಮೇಲೆ ಇಂಥ ನಿರ್ಬಂಧವಿಲ್ಲ.

ಆದ್ದರಿಂದ ಪ್ರಶ್ನೆಯನ್ನೇ ತಿರುಗಿಸಿ ಹಾಕಿಕೊಳ್ಳಬೇಕು ಎನ್ನುತ್ತೇನೆ. ಹವಳದ ತೊಟ್ಟಿಗೆ ಟ್ರಿಗರ್ ಸರಿಹೋಗುತ್ತದೆಯೇ ಎಂದು ಲೆಕ್ಕ ಹಾಕುವ ಬದಲು ಟ್ರಿಗರಿಗೆ ಸರಿಹೋಗುವ ತೊಟ್ಟಿ ಕಟ್ಟಬೇಕು. ಸಿಮೆಂಟಿನಲ್ಲಿ ಎರಕ ಹೊಯ್ದ ಅಥವಾ ಸೆರಾಮಿಕ್‌ನ ಕೃತಕ ಬಂಡೆ, ತಳದಲ್ಲಿ ಸ್ವಲ್ಪ ಮರಳು, ದೊಡ್ಡ ಗುಹೆಗಳು, ಮೀನು. ಹವಳ ಬೇಡ. ಕೃತಕ ಬಂಡೆಯಲ್ಲೂ ನಾಲ್ಕಾರು ವಾರಗಳಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಸುತ್ತದೆ. ಟ್ರಿಗರಿಗೆ ಬೇಕಾದದ್ದು ಮಲಗಲು ಬಿಲ, ಈಜಲು ಉದ್ದ, ತಿರುವಿ ನೋಡಲು ಕಲ್ಲು. ಹವಳ ಬೇಕಾಗಿರುವುದು ನಮ್ಮ ಕಣ್ಣಿಗೆ.

ಹವಳ ಬಿಟ್ಟರೂ ನೀರಿನ ಲೆಕ್ಕ ಬಿಡುವುದಿಲ್ಲ. ಬೆಳೆದ ನೈಜರಿಗೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರಕ್ಕಿಂತ ಕಡಿಮೆ ತೊಟ್ಟಿ ಸಾಲದು. ಅದು 24 ಘನ ಅಡಿ, ಸುಮಾರು 680 ಲೀಟರ್. ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಹೇಳುವುದಾದರೆ 34 ಕ್ಯಾನು. ಲೀಟರಿಗೆ 35 ಗ್ರಾಂ ಉಪ್ಪಿನ ಮಿಶ್ರಣ ಬೇಕು, ಒಟ್ಟು 24 ಕಿಲೋ ಹತ್ತಿರ. ಅಡುಗೆ ಉಪ್ಪು ಆಗುವುದಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ತಂದರೂ ಆಗುವುದಿಲ್ಲ, ಅದು ಎಷ್ಟೇ ಅಪ್ಪಟ ಕಡಲ ಉಪ್ಪಾಗಿರಲಿ. ಉಪ್ಪಿನ ಗದ್ದೆಯಲ್ಲಿ ಸೋಡಿಯಂ ಕ್ಲೋರೈಡ್ ಹರಳುಗಟ್ಟುವಾಗ ಮೆಗ್ನೀಸಿಯಂನ ಬಹುಪಾಲು ಉಳಿದ ಕಹಿನೀರಿನಲ್ಲೇ ನಿಂತುಬಿಡುತ್ತದೆ. ಕಡಲ ನೀರಿನ ಎಲ್ಲ ಲವಣಗಳನ್ನೂ ಅವುಗಳ ಪ್ರಮಾಣದಲ್ಲೇ ಸೇರಿಸಿದ ಅಕ್ವೇರಿಯಂ ಉಪ್ಪನ್ನೇ ಕೊಳ್ಳಬೇಕು. ನೇರ ಕಡಲ ನೀರು ತರುವ ಯೋಚನೆಯೂ ಒಳ್ಳೆಯದಲ್ಲ: ಹೊನ್ನಾವರದಲ್ಲಿ ಶರಾವತಿ, ಮಂಗಳೂರಿನಲ್ಲಿ ನೇತ್ರಾವತಿ ಕಡಲು ಸೇರುವಲ್ಲಿ ದಡದ ನೀರಿನ ಉಪ್ಪು ಮಳೆಗಾಲದಲ್ಲಿ ಇಳಿದುಹೋಗಿರುತ್ತದೆ, ಬಂದರಿನ ಡೀಸೆಲ್ ಬೇರೆ.

ಉಪ್ಪು ಕರಗಿಸುವ ನೀರು ಯಾವುದು? ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಟ್ಟ ಹೇಮಾವತಿ ನೀರು ಬರುತ್ತದೆ, ಅದರಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನ ಗಡಸು ನಮ್ಮ ಜಿಲ್ಲೆಯ ಎಲ್ಲ ಮನೆಗಳಿಗೂ ಗೊತ್ತು, ಬಿಂದಿಗೆಯ ಒಳಗೆ ಬಿಳಿ ಪದರ ಕಟ್ಟುವುದು ಅದರಿಂದಲೇ. ಪಾವಗಡ, ಶಿರಾ, ಮಧುಗಿರಿ ಕಡೆ ಫ್ಲೋರೈಡ್ ಕೂಡ. ಹಾಗಾಗಿ ಆರ್‌ಒ ಯಂತ್ರ, ಅದರ ಹಿಂದೆ ಡಿಅಯಾನೈಸೇಶನ್ ಎಂಬ ರಾಳದ ಸೋಸುಗ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆಯ ಹತ್ತಿರ ಬರಬೇಕು. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿಯಲು ಸರಿ, ಆದರೆ ಅದರಲ್ಲಿ ಉಳಿದ ನೈಟ್ರೇಟ್, ಸಿಲಿಕೇಟ್ ಪಾಚಿಗೆ ಗೊಬ್ಬರವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ 68 ಲೀಟರ್. ಅಷ್ಟನ್ನು ಸೋಸಲು ಮನೆಯ ಆರ್‌ಒ ಹೊರಹಾಕುವ ನೀರು ಅದರ ಎರಡು ಮೂರು ಪಟ್ಟು. ಒಂದು ಬಾರಿಗೆ ಇನ್ನೂರರಿಂದ ಇನ್ನೂರೆಪ್ಪತ್ತು ಲೀಟರ್ ಖರ್ಚು. ನಗರದಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬುದು ಸರಕಾರದ ಮಾನದಂಡ; ಎರಡು ಜನರ ಒಂದು ದಿನದ ನೀರು ಇದು. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ದಿನದ ಆರೇಳು ಲೀಟರ್ ಬೇರೆ. ಆವಿಯ ಜೊತೆ ಉಪ್ಪು ಹೋಗುವುದಿಲ್ಲವಾದ್ದರಿಂದ ಅದಕ್ಕೆ ಸಿಹಿನೀರನ್ನೇ ತುಂಬಬೇಕು ಎಂಬುದನ್ನು ಹೊಸಬರು ಮರೆಯಬಾರದು.

ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಗಾಗಿ ಒಂದು ಕಡೆ ಕುಣಿಗಲ್, ಅದರ ವಿರುದ್ಧ ಇನ್ನೊಂದು ಕಡೆ ಗುಬ್ಬಿ, ತುಮಕೂರು ಬೀದಿಗಿಳಿದ ಜಿಲ್ಲೆ ನಮ್ಮದು. ಇಲ್ಲಿ ಹವ್ಯಾಸಕ್ಕೆ ಬಳಸುವ ನೀರಿನ ಲೆಕ್ಕ ಕೊಡುವುದು ಮರ್ಯಾದೆಯ ಪ್ರಶ್ನೆ. ಆರ್‌ಒ ಹೊರಹಾಕಿದ ನೀರನ್ನು ನೆಲ ಒರೆಸಲು, ಶೌಚಕ್ಕೆ, ಗಾಡಿ ತೊಳೆಯಲು ಹಿಡಿದಿಡಬೇಕು. ಮಳೆಗಾಲದಲ್ಲಿ ತಾರಸಿಯ ಮೊದಲ ಮಳೆ ಬಿಟ್ಟು ಆಮೇಲಿನದನ್ನು ಹಿಡಿದರೆ ಸೋಸುವ ಕೆಲಸವೇ ಅರ್ಧ ಮುಗಿಯುತ್ತದೆ.

ಹೊರತೆಗೆದ ಉಪ್ಪುನೀರಿನ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ತೆಂಗಿಗೆ ಉಪ್ಪು ಒಳ್ಳೆಯದು, ಬುಡಕ್ಕೆ ಸುರಿಯಿರಿ ಎಂದು ಸಲಹೆ ಕೊಡುವವರು ಬಹಳ. ಸಸಿ ನೆಡುವಾಗ ಗುಂಡಿಗೆ ಒಂದಿಷ್ಟು ಉಪ್ಪು ಹಾಕುವ ವಾಡಿಕೆ ನಮ್ಮಲ್ಲಿ ಇದೆ, ನಿಜ. ಆದರೆ ಪ್ರತಿ ಬಾರಿಯ 68 ಲೀಟರಿನಲ್ಲಿ ಎರಡೂಕಾಲು ಕಿಲೋಗೂ ಹೆಚ್ಚು ಉಪ್ಪಿರುತ್ತದೆ, ವರ್ಷಕ್ಕೆ ಐವತ್ತು ಕಿಲೋ ಮೀರುತ್ತದೆ. ಕರಾವಳಿಯಂತೆ ಸುರಿದು ತೊಳೆದುಕೊಂಡು ಹೋಗುವ ಮಳೆ ಇಲ್ಲಿಲ್ಲ. ಕೆಂಪುಮಣ್ಣಿನಲ್ಲಿ ಉಪ್ಪು ನಿಂತರೆ ತೆಂಗಿನ ಸುತ್ತಲಿನ ಬಾಳೆ, ಕರಿಬೇವು, ಹೂಗಿಡ ಒಣಗುತ್ತವೆ. ಇಂಗುಗುಂಡಿಗೆ, ಬೋರ್‌ವೆಲ್ ಪಕ್ಕದ ಮರುಪೂರಣದ ಗುಂಡಿಗೆ ಬಿಟ್ಟರೆ ಅಕ್ಕಪಕ್ಕದವರ ನೀರೂ ಕೆಡುತ್ತದೆ. ನಗರದ ಒಳಚರಂಡಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದು ಇರುವುದರಲ್ಲಿ ವಾಸಿ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ, ಹಳ್ಳಿಯ ಮನೆಯಲ್ಲಿ ಇಷ್ಟು ದೊಡ್ಡ ಉಪ್ಪುನೀರಿನ ತೊಟ್ಟಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕರೆಂಟಿನ ಮಾತು. ನೀರಿನ ಉಷ್ಣಾಂಶ 24ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ತುಮಕೂರಿನ ಬಿಸಿಲು 37 ಮುಟ್ಟುವಾಗ ಶೀಟಿನ ಮನೆಯೊಳಗೆ ನೀರು ತಣಿಸುವ ಚಿಲ್ಲರ್ ಇಲ್ಲದೆ ಇದು ಸಾಧ್ಯವಿಲ್ಲ. ಪಂಪು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಅಲೆಯ ಯಂತ್ರ ಸೇರಿ 100 ವ್ಯಾಟ್ ಹಗಲೂ ರಾತ್ರಿ. ಹವಳಕ್ಕೆ ಬೇಕಾದ ದೀಪ 200 ವ್ಯಾಟ್ ಒಂಬತ್ತು ಗಂಟೆ. ಚಿಲ್ಲರ್ 300 ವ್ಯಾಟ್ ಎಂಟು ಗಂಟೆ ಓಡಿತು ಎಂದುಕೊಂಡರೆ ದಿನಕ್ಕೆ ಆರೂವರೆ ಯೂನಿಟ್, ತಿಂಗಳಿಗೆ ಹತ್ತಿರಹತ್ತಿರ 200. ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿನ ಗರಿಷ್ಠ ಮಿತಿಯೂ 200 ಯೂನಿಟ್ಟೇ. ತೊಟ್ಟಿ ಒಂದೇ ಅದನ್ನು ನುಂಗಿದರೆ ಮನೆಯ ಪೂರ್ತಿ ಬಿಲ್ಲು ತಲೆಯ ಮೇಲೆ ಬರುತ್ತದೆ. ಹವಳ ಇಲ್ಲದ ತೊಟ್ಟಿಗೆ ಅಷ್ಟು ಬೆಳಕು ಬೇಡ, 40 ವ್ಯಾಟಿನ ಎಲ್‌ಇಡಿ ಸಾಕು. ಹವಳ ಬಿಡಲು ಇದೂ ಒಂದು ಕಾರಣ. ಕರೆಂಟು ಹೋದಾಗ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿಯುತ್ತದೆ, ದೊಡ್ಡ ಮೀನು ಮೊದಲು ಸಾಯುತ್ತದೆ. ಯುಪಿಎಸ್‌ಗೆ ಪಂಪು ಸೇರಿಸಿರಬೇಕು, ಬ್ಯಾಟರಿಯ ಗಾಳಿಪಂಪು ಕೈಗೆ ಸಿಗುವಂತಿರಬೇಕು. ಟ್ರಿಗರ್ ಹೀಟರಿನ ವೈರು ಕಚ್ಚುತ್ತದೆ. ಉಪ್ಪುನೀರಿಗೆ ಕರೆಂಟು ಇಳಿದರೆ ಕೈ ಹಾಕಿದವರ ಗತಿ ಏನಾದೀತು ಎಂದು ಯೋಚಿಸಿ ಕರೆಂಟು ಸೋರಿದರೆ ಕಡಿದುಹಾಕುವ ಇಎಲ್‌ಸಿಬಿ ಹಾಕಿಸಿ, ಅರ್ಥಿಂಗ್ ನೋಡಿಸಿ, ವೈರಿರುವ ಉಪಕರಣಗಳನ್ನು ತೊಟ್ಟಿಯ ಕೆಳಗಿನ ಸಂಪ್‌ಗೆ ಇಳಿಸಿ.

ತೂಕವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀರು, ಗಾಜು, ಬಂಡೆ, ಸ್ಟ್ಯಾಂಡ್ ಸೇರಿ ಒಂದು ಟನ್ ಹತ್ತಿರ. ಮನೆಯ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ತೊಟ್ಟಿ ನೆಲಮಹಡಿಯಲ್ಲೇ ಇರಲಿ.

ಮೀನು ತರುವುದು ಬಹುಮಟ್ಟಿಗೆ ಬೆಂಗಳೂರಿನಿಂದ. ಎಪ್ಪತ್ತು ಕಿಲೋಮೀಟರ್ ದಾರಿ ದೊಡ್ಡದಲ್ಲ, ನೆಲಮಂಗಲದ ಟ್ರಾಫಿಕ್ ಸೇರಿಸಿಕೊಂಡೇ ಹೊರಡಬೇಕು. ಟ್ರಿಗರನ್ನು ಬಲೆಯಲ್ಲಿ ಎತ್ತಬಾರದು, ಮುಳ್ಳು ಸಿಕ್ಕಿಕೊಂಡು ಮೀನಿಗೆ ಗಾಯವಾಗುತ್ತದೆ; ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿಸಿ. ಪ್ಲಾಸ್ಟಿಕ್ ಚೀಲವನ್ನೂ ಮುಳ್ಳು ತೂತು ಮಾಡುತ್ತದೆ, ಎರಡು ಪದರ ಕಟ್ಟಿಸಿ. ಅಂಗಡಿಯಲ್ಲಿ ನಿಮ್ಮೆದುರು ಅದು ಊಟ ಮಾಡಬೇಕು. ಹೊಟ್ಟೆ ಒಳಸೇರಿದ ಮೀನು ಅಗ್ಗಕ್ಕೆ ಸಿಕ್ಕರೂ ಬೇಡ. ಮನೆಗೆ ತಂದ ಮೇಲೆ ನಾಲ್ಕು ವಾರವಾದರೂ ಬೇರೆ ತೊಟ್ಟಿಯಲ್ಲಿ ಇಡಬೇಕು. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿಗೆ ತಾಮ್ರದ ಔಷಧಿ ಇದೆ; ಹವಳ, ಸಿಗಡಿ ಇರುವ ತೊಟ್ಟಿಗೆ ತಾಮ್ರ ಹಾಕುವಂತಿಲ್ಲ, ಹಾಕಿದರೆ ಅವೆಲ್ಲ ಸಾಯುತ್ತವೆ.

ಊಟದ ವಿಷಯದಲ್ಲಿ ನಮ್ಮ ಊರಿಗೆ ಒಂದು ಅನುಕೂಲ ಇದೆ. ಟ್ರಿಗರಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಗಟ್ಟಿ ಪದಾರ್ಥ ಕಡಿದು ಸವೆಯಬೇಕು. ಮೀನು ಮಾರುಕಟ್ಟೆಯ ಕಡಲ ಸಿಗಡಿ ಸಿಪ್ಪೆ ಸಮೇತ, ಚಿಪ್ಪು ಬಿಡಿಸದ ಮರುವಾಯಿ, ಬೊಂಡಾಸಿನ ತುಂಡು, ಎಲ್ಲವನ್ನೂ ತೊಳೆದು ಫ್ರೀಜರಿನಲ್ಲಿ ಇಟ್ಟುಕೊಂಡು ದಿನಕ್ಕೆರಡು ಬಾರಿ ಸ್ವಲ್ಪ ಸ್ವಲ್ಪ ಕೊಟ್ಟರೆ ವಿದೇಶಿ ಪ್ಯಾಕೆಟ್ಟಿನ ಹಂಗು ಬಹಳ ಇಲ್ಲ. ಕೋಳಿ ಮಾಂಸ ಕೊಡಬೇಡಿ, ಅದರ ಕೊಬ್ಬು ಕಡಲ ಮೀನಿನ ಯಕೃತ್ತಿಗೆ ಆಗದು.

ಟ್ರಿಗರ್ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ ಎಂಬುದು ಕೊಳ್ಳುವ ದಿನ ಯಾರ ನೆನಪಿಗೂ ಬರುವುದಿಲ್ಲ. ಹೈಸ್ಕೂಲಿನ ಮಗ ಹಟ ಹಿಡಿದು ತರಿಸಿದ ಮೀನು ಅವನು ಇಂಜಿನಿಯರಿಂಗ್ ಮುಗಿಸಿ ಊರು ಬಿಟ್ಟ ಮೇಲೂ ಮನೆಯಲ್ಲಿರುತ್ತದೆ. ಹದಿನೈದು ದಿನಕ್ಕೊಮ್ಮೆ ನೀರು ಹೊರುವವರು ಅಪ್ಪ ಅಮ್ಮ. ಬಾಡಿಗೆ ಮನೆ ಬದಲಿಸುವವರಿಗಂತೂ ಇದು ಒಗ್ಗದ ಹವ್ಯಾಸ. ಬೇಡವಾದಾಗ ಅಮಾನಿಕೆರೆಗೋ ಕುಣಿಗಲ್ ದೊಡ್ಡಕೆರೆಗೋ ಬಿಟ್ಟರೆ ಉಪ್ಪುನೀರಿನ ಮೀನು ನರಳಿ ಸಾಯುತ್ತದೆ. ಅಂಗಡಿಗೆ ಹಿಂದಿರುಗಿಸುವ ಮಾತನ್ನು ಕೊಳ್ಳುವಾಗಲೇ ಆಡಿಕೊಂಡಿರಬೇಕು.

ಸ್ವಂತ ಮನೆ, ಒಳಚರಂಡಿ, ನೀರಿನ ಅನುಕೂಲ, ಬಿಲ್ಲು ಕಟ್ಟುವ ಶಕ್ತಿ, ಹತ್ತು ವರ್ಷದ ವ್ಯವಧಾನ ಇಷ್ಟೂ ಇರುವವರು ಆರಡಿಯ ತೊಟ್ಟಿಯಲ್ಲಿ ಕೃತಕ ಬಂಡೆ ಕೂರಿಸಿ ಒಂದೇ ಒಂದು ನೈಜರನ್ನೋ ಬ್ಲೂಥ್ರೋಟನ್ನೋ ಸಾಕಲಿ. ಅದು ಖುಷಿಯ, ಕಲಿಕೆಯ ಕೆಲಸ. ಅಷ್ಟಿಲ್ಲದವರಿಗೆ ಮೂರಡಿಯ ತೊಟ್ಟಿ, ಮರಿಮಾಡಿಸಿ ಬೆಳೆಸಿದ ಕ್ಲೌನ್‌ಫಿಶ್ ಜೋಡಿ ಸಾಕು. ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್ ಮರಿಮಾಡಿಸುವ ವಿಧಾನ ರೂಪಿಸಿದೆ, ಆ ಮೀನಿಗಾಗಿ ಕಡಲಿಗೆ ಬಲೆ ಬೀಸಬೇಕಾಗಿಲ್ಲ. ಹವಳದ ನಡುವೆ ಓಡಾಡುವ ಟ್ರಿಗರನ್ನೇ ನೋಡಬೇಕೆನ್ನುವವರು ಮಳೆಗಾಲ ಕಳೆದ ಮೇಲೆ ಬಿ.ಎಚ್. ರಸ್ತೆ ಹಿಡಿದು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ತರಬೇತುದಾರರ ಜೊತೆ ನೀರಿಗಿಳಿಯಲಿ. ಅಂಗಡಿಯಲ್ಲಿ ಕಲ್ಲುಹವಳ ಮಾರಾಟಕ್ಕಿದೆ ಎಂದರೆ ಕಾಗದ ಕೇಳಿ, ತೋರಿಸದಿದ್ದರೆ ಕೊಳ್ಳಬೇಡಿ.